ಲಾಡ್ಜಿನ ಹಿತ್ತಲು ನೋಡುವ ಚಟ

ಲಾಡ್ಜಿಗೆ ಹೋದವರು ಮೊದಲು ಹಾಸಿಗೆ ನೋಡುತ್ತಾರೆ. ಕೆಲವರು ಬಚ್ಚಲು ನೋಡುತ್ತಾರೆ. ನಮ್ಮ ಯಜಮಾನರಂಥವರು ಗೋಡೆಯ ಮೇಲಿನ ದೇವರ ಫೋಟೋಕ್ಕೆ ಕೈ ಮುಗಿದು ಅಷ್ಟಕ್ಕೇ ತೃಪ್ತರಾಗಿಬಿಡುತ್ತಾರೆ. ನಾನು ಹಿತ್ತಲು ನೋಡುತ್ತೇನೆ. ಮ್ಯಾನೇಜರು ಬೀಗದ ಕೈ ಹುಡುಕುತ್ತಿರುವಾಗಲೇ ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆ ದಾಟಿ, ಪಾತ್ರೆ ತೊಳೆಯುವ ಜಾಗ ದಾಟಿ, ಕಟ್ಟಿಗೆ ಒಟ್ಟಿದ ಮೂಲೆಯವರೆಗೂ ಹೋಗಿ ಬಂದಿರುತ್ತೇನೆ. ಹೊರಗಿನಿಂದ ಚಿಲಕ ಹಾಕಿದ ಬಾಗಿಲು ಕಂಡರೆ ತೆಗೆಸುತ್ತೇನೆ. ಮೊನ್ನೆ ಮದುವೆಗೆಂದು ಹೋದ ಊರಲ್ಲಿ ಹಾಗೆ ಒಂದು ಬಾಗಿಲು ತೆಗೆಸಿದೆ. ಒಳಗೆ ಈರುಳ್ಳಿ ಚೀಲಗಳಿದ್ದವು. ಮ್ಯಾನೇಜರು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೊಮ್ಮಗಳು ನಾಚಿಕೆಯಿಂದ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು.

ನಗುವವರು ನಗಲಿ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನಾನು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಾಲಿನವನ ಮೇಲೆ ಬರುತ್ತದೆ, ಗಡಿಯಾರದ ಮೇಲೆ ಬರುತ್ತದೆ, ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿನ ಮೇಲೇ ಬರುತ್ತದೆ. ಅವೆಲ್ಲ ಬಂದ ಹಾಗೆಯೇ ಹೋಗುತ್ತವೆ. ವಾಡಿಯ ಲಾಡ್ಜಿನ ಮೇಲೆ ಬಂದ ಸಿಟ್ಟು ಮಾತ್ರ ಹೋಗಿಲ್ಲ. ಅದನ್ನು ಕೇಳಿದ ಮೇಲೆ ನನ್ನ ಈ ಚಟಕ್ಕೆ ನಗಬೇಕೆನ್ನಿಸಿದರೆ ಧಾರಾಳವಾಗಿ ನಗಿ.

ಆಗ ಎರಡನೆಯ ಮಹಾಯುದ್ಧ, ನಮ್ಮ ಬಾಯಲ್ಲಿ ಲಡಾಯಿ ಕಾಲ. ನಾನು ಚೊಚ್ಚಲ ಬಸುರಿ. ಅತ್ತೆಮನೆ ಚಿಂಚೋಳಿ, ತವರು ಶಹಾಬಾದ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಕೈತುಂಬ ಹಸಿರು ಬಳೆ ಇಡಿಸಿ, ಮೊದಲ ಬಾಣಂತನಕ್ಕೆ ಮಗಳನ್ನು ತವರಿಗೆ ಕರೆದೊಯ್ಯಲು ಅವ್ವ ಬಂದಿದ್ದಳು. ಜೊತೆಗೆ ಅವಳ ತಮ್ಮ, ಅಂದರೆ ನನ್ನ ಸೋದರಮಾವ. ಮಾಮಾ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದವನು, ಭಾರೀ ಬಂಡೆಗಳ ನಡುವೆ ದಿನ ಕಳೆಯುವವನಾದರೂ ಮನುಷ್ಯ ಮಾತ್ರ ಹತ್ತಿಯಷ್ಟು ಮೆತ್ತಗೆ. ಯಾರು ಜೋರು ಮಾಡಿದರೂ ಮೊದಲು ಮಾಮಾನೇ ಹೌದೆನ್ನುತ್ತಿದ್ದ.

ಚಿಂಚೋಳಿಗೆ ರೈಲಿಲ್ಲ. ತಾಂಡೂರಿನವರೆಗೆ ಬಸ್ಸು, ಅದೂ ಪೆಟ್ರೋಲು ಸಿಗದ ಕಾಲದಲ್ಲಿ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದ ಬಸ್ಸು. ದಿಬ್ಬ ಬಂದಾಗಲೆಲ್ಲ ಜನ ಇಳಿದು ನೂಕಬೇಕು. ನಾನೂ ಇಳಿಯಲು ಎದ್ದರೆ ತೆಲುಗು ಸೀಮೆಯ ಒಬ್ಬ ಮುದುಕಿ ನನ್ನ ಹೆಗಲು ಒತ್ತಿ ಕೂರಿಸಿ, ತಾನು ಇಳಿದು ಹೋಗಿ ಗಂಡಸರ ಜೊತೆ ನೂಕಿದಳು. ಅವಳು ಯಾರೋ, ಯಾವ ಜಾತಿಯೋ. ಅವಳನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬಿ ಬರುತ್ತದೆ, ಹಿಂದೆಯೇ ವಾಡಿ ನೆನಪಾಗಿ ಸಿಟ್ಟೂ ಬರುತ್ತದೆ.

ತಾಂಡೂರಿನಲ್ಲಿ ರೈಲು ಹತ್ತಿದೆವು. ಆ ರೈಲಿನ ಕಥೆ ಹೇಳಲು ಕುಳಿತರೆ ಬೇರೆ ಪ್ರಬಂಧವೇ ಆದೀತು. ಸಿಪಾಯಿಗಳ ಗಾಡಿ ಬಂತೆಂದರೆ ನಮ್ಮ ಗಾಡಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಸೇಡಂನಲ್ಲಿ ನಿಂತಿತು, ಮಳಖೇಡದ ಹತ್ತಿರ ಜೋಳದ ಹೊಲಗಳ ನಡುವೆ ಸುಮ್ಮಸುಮ್ಮನೆ ನಿಂತಿತು, ಚಿತ್ತಾಪುರದಲ್ಲಿ ನಿಂತಾಗಲಂತೂ ಮಾಮಾ ಇಳಿದು ಹೋಗಿ ಪೇರಲಹಣ್ಣು ತಂದು, ತಿಂದು, ಇನ್ನಷ್ಟು ತರಲು ಹೋದ. ಅಂತೂ ವಾಡಿಗೆ ಬರುವಷ್ಟರಲ್ಲಿ ನಾವು ಹಿಡಿಯಬೇಕಾಗಿದ್ದ ಶಹಾಬಾದಿನ ಗಾಡಿ ಹೋಗಿಬಿಟ್ಟಿತ್ತು. ಮುಂದಿನದು ಸಂಜೆಗೆ. ಶಹಾಬಾದವೇನೋ ಮಗ್ಗುಲಲ್ಲೇ ಇದೆ, ಆದರೆ ಕುಬಸವಾದ ಬಸುರಿಯನ್ನು ಉರಿಬಿಸಿಲಲ್ಲಿ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗಲು ಅವ್ವ ಒಪ್ಪಲಿಲ್ಲ. ಸ್ಟೇಷನ್ನಿನ ತುಂಬ ಸಿಪಾಯಿಗಳು. ನನಗೆ ಸೊಂಟ ಹಿಡಿದುಹೋಗಿತ್ತು. ಮೈ ಚಾಚಲು ಒಂದು ಕೋಣೆ ಬೇಕಿತ್ತು, ಅಷ್ಟೇ.

ಸ್ಟೇಷನ್ ಎದುರಿಗೆ ಒಬ್ಬ ಸಾಬರ ಮುಸಾಫಿರಖಾನೆ ಇತ್ತು. ಅಂಗಳದಲ್ಲಿ ದೊಡ್ಡ ಬೇವಿನ ಮರ, ನೆರಳಿನಲ್ಲಿ ನೀರಿನ ಹರವಿಗಳು. ನಾನು ಆ ನೆರಳು ನೋಡಿ ಅತ್ತ ಹೆಜ್ಜೆ ಹಾಕಿದ್ದೆ. ಅಷ್ಟರಲ್ಲಿ ಅವ್ವನ ಕಣ್ಣಿಗೆ ಬಜಾರಿನ ನಡುವಿನ ಇನ್ನೊಂದು ಬೋರ್ಡು ಬಿತ್ತು. ದೊಡ್ಡ ಉರ್ದು ಅಕ್ಷರಗಳ ಕೆಳಗೆ ಸಣ್ಣ ಕನ್ನಡದಲ್ಲಿ, 'ಸ್ವಚ್ಛ ಕೋಣೆ, ಬಿಸಿನೀರು, ಮನೆಯ ಊಟ, ಶರಣರ ಸೇವೆ' ಎಂದು ಬರೆದಿತ್ತು. ಕಟ್ಟೆಯ ಮೇಲೆ ಹಣೆತುಂಬ ವಿಭೂತಿ ಧರಿಸಿದ ಒಬ್ಬ ಸಾವ್ಕಾರ ಕುಳಿತಿದ್ದ. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ.

"ನಮ್ಮವ್ರದೇ ಅದ ನೋಡವ್ವ. ನಮ್ಮವ್ರದು ಇರಲಿಕ್ಕ ಬ್ಯಾರೆ ಕಡಿ ಯಾಕ ಹೋಗೂದು?" ಎಂದಳು ಅವ್ವ.

ನಮ್ಮವ್ರು! ಈ ಒಂದು ಮಾತನ್ನು ನಂಬಿ ನಮ್ಮ ಜನ ಎಷ್ಟು ಸಲ ಕೆಟ್ಟಿದ್ದಾರೋ. ಅಂಗಡಿಯವನು ನಮ್ಮವನೆಂದು ತೂಕ ನೋಡುವುದಿಲ್ಲ, ವರ ನಮ್ಮವನೆಂದು ಗುಣ ನೋಡುವುದಿಲ್ಲ, ಲಾಡ್ಜು ನಮ್ಮವರದೆಂದು ಹಾಸಿಗೆ ನೋಡುವುದಿಲ್ಲ.

ಹಾಸಿಗೆಯ ಮಾತು ಬಂತು. ಸಾವ್ಕಾರ ತೋರಿಸಿದ ಕೋಣೆಯಲ್ಲಿ ಮಂಚ ಇತ್ತು, ಇಲ್ಲವೆನ್ನಲಾರೆ. ಕಲ್ಲಿನ ಮಂಚ. ಶಹಾಬಾದಿನ ಹಾಸುಗಲ್ಲನ್ನು ನಮ್ಮ ಕಡೆ ಪರಸಿ ಎನ್ನುತ್ತೇವೆ. ನೆಲಕ್ಕೆ ಹಾಸುತ್ತೇವೆ, ಮಾಳಿಗೆಗೆ ಹೊದಿಸುತ್ತೇವೆ, ಹೊಲಕ್ಕೆ ಬೇಲಿಯಾಗಿ ನಿಲ್ಲಿಸುತ್ತೇವೆ. ಅದನ್ನು ನಾಲ್ಕು ಕಲ್ಲುಗಂಬದ ಮೇಲಿಟ್ಟು ಮಂಚ ಎನ್ನುವ ಧೈರ್ಯ ಶಹಾಬಾದಿನವರಾದ ನಮಗೂ ಬಂದಿರಲಿಲ್ಲ. ಮಾಮಾ ಕೈಯಿಂದ ತಟ್ಟಿ ನೋಡಿ, "ಖಣಿಯಾಗ ಆರಿಸಿ ಹೊರಗ ಒಗದ ಮಾಲು ಇದು, ಅಂಚು ಒಡದದ" ಎಂದ. ಮೇಲೆ ಹಾಸಿದ್ದ ಗಾದಿಯಲ್ಲಿ ಹತ್ತಿಗಿಂತ ತಿಗಣೆ ಹೆಚ್ಚಿತ್ತು. ಕೋಣೆಯ ಒಂದೇ ಕಿಟಕಿ ಅಡುಗೆಮನೆಯ ಹೊಗೆಗಂಡಿಯ ಎದುರಿಗೆ ತೆರೆದುಕೊಂಡಿತ್ತು. ಮುಚ್ಚಿದರೆ ಸೆಕೆ, ತೆರೆದರೆ ಮೆಣಸಿನಕಾಯಿಯ ಘಾಟು. ಬಿಸಿಲಿಗೆ ಕಾದ ಮಾಳಿಗೆ ಮೇಲೆ, ಕಾದ ಮಂಚ ಕೆಳಗೆ, ನಡುವೆ ರೊಟ್ಟಿಯ ಹಾಗೆ ನಾನು. ಯಾರೋ ಬಂದು ಮಗುಚಿ ಹಾಕುವುದೊಂದು ಬಾಕಿ.

ಚಹಾ ಬಂತು. ಲೋಟದ ತಳ ಕಾಣುವಷ್ಟು ತೆಳ್ಳಗಿತ್ತು, ತಳದಲ್ಲಿ ಇರುವೆ ಇತ್ತು. ಬಿಸಿನೀರು ಕೇಳಿದರೆ "ಒಲಿ ಖಾಲಿ ಇಲ್ರಿ" ಎಂಬ ಉತ್ತರ. ತಣ್ಣೀರು ಕೇಳಿದರೆ ಅರ್ಧ ಕೊಡ. ಅದರಲ್ಲೇ ಅವ್ವ ಕೈಕಾಲು ತೊಳೆದು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಳು. ಪೂಜೆಯಾಗದೆ ಅವಳು ಬಾಯಿಗೆ ಹನಿ ನೀರೂ ಹಾಕುವವಳಲ್ಲ. ಮಾಮಾ ಬಾಗಿಲಿಗೆ ಒರಗಿಸಿದ್ದ ಕುರ್ಚಿಯಲ್ಲಿ ಕೂರಲು ಹೋಗಿ, ಅದಕ್ಕೆ ಮೂರೇ ಕಾಲೆಂದು ಕೂತ ಮೇಲೆ ತಿಳಿದುಕೊಂಡ.

ಇಲ್ಲಿಯವರೆಗಿನದನ್ನೆಲ್ಲ ನಾನು ಕ್ಷಮಿಸುತ್ತಿದ್ದೆ. ತಿಗಣೆ ಯಾರ ಮನೆಯಲ್ಲಿಲ್ಲ. ಮನೆಗೆ ಹೋಗಿ ಬಳಗದ ಮುಂದೆ ಹೇಳಿ ನಗಲು ಒಳ್ಳೆಯ ಸರಕಾಯಿತು ಎಂದುಕೊಂಡಿದ್ದೆ ಕೂಡ. ಅಷ್ಟರಲ್ಲಿ ಸಾವ್ಕಾರ ಬಾಗಿಲಿಗೆ ಬಂದ. ಬರುವಾಗ ನಾನು ದುಪ್ಪಟಿ ಹೊದ್ದು ಬಂದಿದ್ದರಿಂದ ಅವನಿಗೆ ಏನೂ ಕಂಡಿರಲಿಲ್ಲ. ಈಗ ಸೆಕೆಗೆ ಅದನ್ನು ತೆಗೆದಿಟ್ಟು ಗೋಡೆಗೊರಗಿ ಕೂತಿದ್ದೆ. ಅವನು ನನ್ನ ಹೊಟ್ಟೆ ನೋಡಿದವನೇ ಹಾವು ಕಂಡವರ ಹಾಗೆ ಹೊಸ್ತಿಲ ಆಚೆಗೆ ಸರಿದ.

"ಎಷ್ಟ್ ತಿಂಗಳ್ರಿ ಇವರಿಗಿ?"

"ಏಳು ತುಂಬ್ಯಾವ. ಕುಬಸ ಮಾಡಿ ಕರಕೊಂಡು ಹೊಂಟೀವ್ರಿ" ಎಂದ ಮಾಮಾ, ಶುಭಸಮಾಚಾರ ಹೇಳುವವನ ಮುಖದಲ್ಲಿ.

"ಮೊದಲೇ ಹೇಳಬಾರ್ದೇನ್ರಿ? ಇಲ್ಲಿ ಆಗಂಗಿಲ್ಲ. ಬ್ಯಾನಿ-ಗೀನಿ ಬಂತಂದ್ರ ನನ್ನ ಧಂದೆ ಮುಳುಗಿ ಹೋಗ್ತದ. ಮೈಲಿಗಿ ಆದ ಜಾಗಾದಾಗ ಯಾವ ಗಿರಾಕಿ ಉಣ್ತಾನ? ಖಾಲಿ ಮಾಡ್ರಿ. ಸ್ಟೇಷನ್ ಎದುರಿಗಿ ಸಾಬರ ಮುಸಾಫಿರಖಾನಿ ಅದಲ್ಲ, ಅಲ್ಲಿ ಹೋಗ್ರಿ. ಅವರಿಗಿ ಈ ಸೂತಕ-ಗೀತಕ ಏನೂ ಇಲ್ಲ."

ಪೂಜೆಗೆ ಕೂತಿದ್ದ ಅವ್ವ ಕಣ್ಣು ತೆರೆದಳು. ನಮ್ಮ ಅವ್ವನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

"ಸಾವ್ಕಾರ್ರ, ನಿಮ್ಮ ಎದಿಮ್ಯಾಲ ಇರೂದು ಏನ್ರಿ?"

"ಲಿಂಗ ಯವ್ವಾ. ಯಾಕ?"

"ಲಿಂಗ ಕಟ್ಕೊಂಡವ್ರಿಗಿ ಹುಟ್ಟಿದ್ದು ಮೈಲಿಗಿ ಅಂತ ನಿಮಗ ಯಾರು ಹೇಳಿಕೊಟ್ರು?"

ಓದುವವರಿಗೆ ಇಲ್ಲೊಂದು ಮಾತು. ಹುಟ್ಟಿಗೂ ಮೈಲಿಗೆ ಇಲ್ಲ, ಸಾವಿಗೂ ಮೈಲಿಗೆ ಇಲ್ಲ ಎಂಬುದು ಬಸವಣ್ಣನ ದಾರಿಯಲ್ಲಿ ನಡೆಯುವ ಮನೆಗಳಲ್ಲಿ ತೊಟ್ಟಿಲಲ್ಲೇ ಕಿವಿಗೆ ಬೀಳುವ ಮಾತು. ನಮ್ಮಜ್ಜಿ ಒಂದಕ್ಷರ ಓದಿದವಳಲ್ಲ, ಅವಳಿಗೂ ಗೊತ್ತಿತ್ತು. ಸಾವ್ಕಾರನಿಗೂ ಗೊತ್ತಿತ್ತು. ಆಮೇಲೆ ಅವನು ಹೇಳಿದ ಮಾತನ್ನು ನಾನು ಸಾಯುವತನಕ ಮರೆಯಲಾರೆ.

"ನನಗ ಸೂತಕ ಇಲ್ರಿ ಯವ್ವಾ. ಗಿರಾಕಿಗೋಳಿಗಿ ಅದ."

ಮಾಮಾ ಎಂದಿನಂತೆ ಗಂಟು ಕಟ್ಟಲು ಶುರುಮಾಡಿದ. "ಹೋಗ್ಲಿ ಬಿಡಕ್ಕಾ, ಯಾಕ ಜಗಳ" ಎಂದ. ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಟ್ಟರೆ ಏನಾದರೂ ಆಡಬಾರದ್ದು ಆಡಿಬಿಡುತ್ತೇನೆಂದು ತಂಬಿಗೆ ತೆಗೆದುಕೊಂಡು ಎದ್ದೆ. ಹೋಗುವ ಮುಂಚೆ ಹಿತ್ತಲಿಗಾದರೂ ಹೋಗಿ ಬರಬೇಕಿತ್ತು, ಬಸುರಿಯ ಪಾಡು ಹೆಂಗಸರಿಗೆ ಹೇಳಬೇಕಾಗಿಲ್ಲ. ಸಾವ್ಕಾರ "ಆ ಕಡಿ ಹೋಗಬ್ಯಾಡ್ರಿ, ಆ ಕಡಿ ಹೋಗಬ್ಯಾಡ್ರಿ" ಎಂದು ಕೂಗಿದ. ಹೋಗಬೇಡವೆಂದ ಕಡೆಗೆ ನನ್ನ ಕಾಲು ತಾನಾಗಿಯೇ ಹೋಗುತ್ತದೆ. ಇದೂ ಒಂದು ದುರ್ಗುಣ.

ಹಿತ್ತಲಲ್ಲಿ ಕಟ್ಟಿಗೆ, ಕುಳ್ಳು ಒಟ್ಟಿದ ಒಂದು ಗುಡಿಸಲಿನಂಥ ಕೋಣೆ. ತಗಡಿನ ಮಾಡು, ಹೊರಗಿನಿಂದ ಚಿಲಕ. ಅದರ ಮುಂದೆ ಹಾದು ಹೋಗುವಾಗ ಒಳಗಿನಿಂದ ಕೂಸು ಅತ್ತಿತು. ಬೆಕ್ಕಿನ ಮರಿಯಷ್ಟು ಸಣ್ಣ ದನಿ. ನಾನು ಚಿಲಕ ತೆಗೆದೆ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಕುಳ್ಳಿನ ರಾಶಿಯ ಪಕ್ಕ ಹಗ್ಗ ಹೆಣೆದ ಒಂದು ಹೊರಸು. ಅದರ ಮೇಲೆ ತಲೆಗೆ ಅರಿವೆ ಕಟ್ಟಿಕೊಂಡ ಹುಡುಗಿ, ನನ್ನದೇ ವಯಸ್ಸು. ಮಗ್ಗುಲಲ್ಲಿ ಇನ್ನೂ ಕೆಂಪಗಿದ್ದ ಎಳೆಯ ಕೂಸು. ಅಡುಗೆಮನೆಯ ಹೊಗೆಯೆಲ್ಲ ಬಂದು ಆ ತಗಡಿನ ಕೆಳಗೇ ನಿಂತಿತ್ತು. ಹುಡುಗಿ ಕೆಮ್ಮುತ್ತ ಕೈ ಅಡ್ಡ ಹಿಡಿದಳು.

"ಒಳಗ ಬರಬ್ಯಾಡ್ರಿ ಅಕ್ಕಾ, ಮೈಲಿಗಿ ಆಗ್ತದ."

"ಯಾರವ್ವ ನೀ?"

"ಈ ಮನಿ ಮಗಳು ರೀ. ಚಂದಮ್ಮ. ಬಾಣಂತನಕ್ಕ ಬಂದೀನಿ."

ಈ ಮನೆಯ ಮಗಳು! ಅಂದರೆ ನಾನು ಶಹಾಬಾದಿಗೆ ಹೊರಟಂತೆ ಅವಳೂ ಹಸಿರು ಬಳೆ ಇಟ್ಟುಕೊಂಡು ಇಲ್ಲಿಗೆ ಬಂದಿದ್ದಳು. ಇದು ಅವಳ ತವರು. ತಾಯಿ ಸತ್ತು ವರ್ಷಗಳಾಗಿದ್ದವು. ಅಡುಗೆಯ ಮುದುಕಿ ಹೊತ್ತಿಗೊಮ್ಮೆ ಬಂದು ಹೊಸ್ತಿಲ ಮೇಲೆ ಗಂಜಿ ಇಟ್ಟು ಹೋಗುತ್ತಿದ್ದಳಂತೆ. ಗಿರಾಕಿಗಳು ಯಾರೂ ಅಪ್ಪಿತಪ್ಪಿ ಬಾಗಿಲು ತೆಗೆಯದಿರಲೆಂದು ಹೊರಗಿನಿಂದ ಚಿಲಕ. ಕೂಸು ಅತ್ತರೆ ಬೇಗ ಸಮಾಧಾನ ಮಾಡು ಎಂದು ಅಪ್ಪ ಹೇಳಿದ್ದನಂತೆ. ಇದನ್ನೆಲ್ಲ ಅವಳು ದೂರು ಹೇಳುವ ಹಾಗೆ ಹೇಳಲಿಲ್ಲ. ಯಾರದೋ ಮನೆಯ ಪದ್ಧತಿ ತಿಳಿಸುವ ಹಾಗೆ ಹೇಳಿದಳು. ಅದು ನನಗೆ ಇನ್ನೂ ತಡೆಯಲಾರದಾಯಿತು.

ನಾನು ಹೋಗಿ ಅವ್ವನಿಗೆ ಎಲ್ಲ ಹೇಳಿ ಕರೆತಂದೆ. ಅವ್ವ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬೆಳಕಿಗೆ ಬಂದಳು. ಕೂಸಿನ ಕೊರಳಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿ ಕಟ್ಟಿದ ಪುಟ್ಟ ಲಿಂಗ.

"ಇದು ಯಾವಾಗ ಕಟ್ಟಿದ್ರವ್ವ?"

"ಐನೋರು ಬಂದು ಕಟ್ಟಿ ಹೋದ್ರು. ಅಪ್ಪಾನೇ ಕರಸಿದ್ದ. ಅಷ್ಟ್ ಕಾರ್ಯ ಬಿಡಂಗಿಲ್ಲ ಅಂದ."

ಅವ್ವ ಚಂದಮ್ಮನ ಕೈ ಹಿಡಿದು ಎಬ್ಬಿಸಿದಳು. "ನಡೀಯವ್ವ" ಎಂದಳು, ಅಷ್ಟೇ. ನಮ್ಮ ಕೋಣೆಗೆ ಹೋಗಬೇಕಾದರೆ ಊಟದ ಪಡಸಾಲೆಯನ್ನು ದಾಟಲೇಬೇಕು. ಅಲ್ಲಿ ಹೈದರಾಬಾದಿನ ಕಡೆಯ ವ್ಯಾಪಾರಿಗಳು, ನಮ್ಮ ಕಡೆಯವರು ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಿದ್ದರು. ಮುಂದೆ ಕೂಸನ್ನೆತ್ತಿಕೊಂಡ ಅವ್ವ, ನಡುವೆ ತಲೆಗೆ ಅರಿವೆ ಕಟ್ಟಿದ ಹಸಿ ಬಾಣಂತಿ, ಹಿಂದೆ ಹೊಟ್ಟೆ ಹೊತ್ತುಕೊಂಡು ನಾನು. ಸಾವ್ಕಾರ ಸಾರಿನ ಸೌಟು ಹಿಡಿದು ನಿಂತಲ್ಲೇ ಕಲ್ಲಾದ. ಅವ್ವ ಸಾಲಿನ ನಡುವೆ ನಿಂತಳು.

"ಉಣ್ಣೋರು ಕೇಳ್ರಿ. ಇದು ಸಾವ್ಕಾರ್ರ ಮೊಮ್ಮಗಳು. ಕುಳ್ಳಿನ ಮನ್ಯಾಗ ಚಿಲಕ ಹಾಕಿ ಇಟ್ಟಿದ್ರು, ನಿಮಗ ಮೈಲಿಗಿ ಆಗ್ತದಂತ. ಇದರ ಕೊಳ್ಳಾಗ ಲಿಂಗ ಅದ, ನೋಡ್ರಿ. ಯಾರಿಗಿ ಮೈಲಿಗಿ ಆಗ್ತದ, ಏಳ್ರಿ."

ಒಬ್ಬ ಎದ್ದ. ಪೇಟ ಸುತ್ತಿದ ದಪ್ಪನೆಯ ವ್ಯಾಪಾರಿ, ಅನ್ನ ಅರ್ಧಕ್ಕೇ ಬಿಟ್ಟು ಕೈತೊಳೆಯಲು ಓಡಿದ. ಸಾವ್ಕಾರ ಅವನ ಹಿಂದೆ ಕೈ ಜೋಡಿಸಿಕೊಂಡು ಓಡಿದ. "ಸೇಠ್ರ, ಮಾಫ್ ಮಾಡ್ರಿ, ಹಿಂಗ ಆಗಬಾರ್ದಿತ್ತು, ಸೇಠ್ರ!"

"ಏ ಬಿಡ್ರಿ ಮಾರಾಯ್ರ, ನನ್ನ ಗಾಡಿ ಬರಲಿಕತ್ತದ, ಸೀಟಿ ಕೇಳಸ್ಲಿಲ್ಲೇನು?" ಎಂದು ಆ ಮನುಷ್ಯ ಚೀಲ ಎತ್ತಿಕೊಂಡು ಸ್ಟೇಷನ್ನಿಗೆ ದೌಡಾಯಿಸಿದ.

ಉಳಿದವರಲ್ಲಿ ಒಬ್ಬರೂ ಏಳಲಿಲ್ಲ. ಕೂಸನ್ನೊಮ್ಮೆ ನೋಡಿದರು, ತಟ್ಟೆ ನೋಡಿಕೊಂಡರು, ಉಂಡರು. ಮೂಲೆಯಲ್ಲಿದ್ದ ಒಬ್ಬ ಮುದುಕ "ಇನ್ನೊಂದಿಷ್ಟ್ ಸಾರು ಬಿಡ್ರಿ" ಎಂದ. ನಾನು ನಗಬೇಕಾಗಿತ್ತು. ನನಗೆ ಬಂದದ್ದು ಸಿಟ್ಟು. ಯಾರಿಗೂ ಬೇಡವಾಗಿದ್ದ ಮೈಲಿಗೆಗೆ, ಯಾರೂ ಕೇಳದೆಯೇ, ತಾನೇ ಮುಂಚಿತವಾಗಿ ಹೆದರಿ ಇವನು ಹೆತ್ತ ಮಗಳನ್ನು ಹೊಗೆಯಲ್ಲಿ ಕೂಡಿಹಾಕಿದ್ದ. ಆ ಉಣ್ಣುತ್ತಿದ್ದವರ ಮೇಲೂ ನನಗೆ ಅಷ್ಟೇ ಸಿಟ್ಟು ಬಂತು. ಅಷ್ಟು ಜನರಲ್ಲಿ ಒಬ್ಬನಾದರೂ "ಹಂಗ್ಯಾಕ ಮಾಡಿದ್ರಿ ಸಾವ್ಕಾರ್ರ" ಎಂದು ಕೇಳಲಿಲ್ಲ. ಅವರಿಗೆ ಮೈಲಿಗೆಯೂ ಇರಲಿಲ್ಲ, ಮತ್ತೊಂದೂ ಇರಲಿಲ್ಲ.

ಆಮೇಲೆ ನಮ್ಮನ್ನು ಖಾಲಿ ಮಾಡಿ ಎನ್ನಲು ಸಾವ್ಕಾರನಿಗೆ ಬಾಯಿ ಬರಲಿಲ್ಲ. ನಾವು ತಂದ ಕೌದಿಗಳನ್ನೆಲ್ಲ ಆ ಕಲ್ಲುಮಂಚದ ಮೇಲೆ ಹಾಸಿ ಚಂದಮ್ಮನನ್ನು ಮಲಗಿಸಿದೆವು. ಮಾಮಾ, ನಮ್ಮ ಹತ್ತಿಯಂಥ ಮಾಮಾ, ತಾನೇ ಅಡುಗೆಮನೆಗೆ ನುಗ್ಗಿ ಯಾರದೋ ಗಡಿಗೆ ಇಳಿಸಿ ಒಲೆಯ ಮೇಲೆ ನೀರಿಟ್ಟ. ಅವ್ವ ಅವಳಿಗೆ ಎಣ್ಣೆ ಹಚ್ಚಿ ಎರೆದಳು, ಕೂಸಿಗೆ ಎರೆದಳು, ನನಗೆಂದು ಅತ್ತೆಮನೆಯವರು ಕಟ್ಟಿಕೊಟ್ಟಿದ್ದ ಅಂಟಿನುಂಡಿ ತಿನ್ನಿಸಿದಳು. ನಾನು ನೆಲದ ಮೇಲೆ ಸೆರಗು ಹಾಸಿಕೊಂಡು ಮಲಗಿದೆ. ಚಂದಮ್ಮ ಅಷ್ಟು ದಿನದ ನಿದ್ದೆಯನ್ನೆಲ್ಲ ಒಟ್ಟಿಗೇ ಮಾಡುವವಳ ಹಾಗೆ ಮಲಗಿದಳು. ಕೂಸು ಜೋರಾಗಿ ಅತ್ತಿತು, ಯಾರೂ ಸುಮ್ಮನಿರಿಸಲು ಓಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವ್ವ ಸಾವ್ಕಾರನನ್ನು ಕರೆಸಿ, ಲಿಂಗ ಮುಟ್ಟಿ ಹೇಳು ಎಂದಳು. ಮಗಳನ್ನು ಇದೇ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇನೆಂದು ಹೇಳು ಎಂದಳು. ಅವನು ಕರಡಿಗೆಯ ಮೇಲೆ ಕೈ ಇಟ್ಟ. ಕಣ್ಣಲ್ಲಿ ನೀರೂ ಬಂತು. ಮನುಷ್ಯ ಪೂರಾ ಕೆಟ್ಟವನಾಗಿರಲಿಲ್ಲ ಎಂದು ಮಾಮಾ ಕೊನೆಯವರೆಗೂ ವಾದಿಸುತ್ತಿದ್ದ.

"ಇಟ್ಕೊಂತೀನ್ರಿ ಯವ್ವಾ, ಆಣಿ ಮಾಡಿ ಹೇಳ್ತೀನಿ. ಗಿರಾಕಿ ಇಲ್ದಾಗ ಇಲ್ಲೇ ಇಟ್ಕೊಂತೀನಿ."

ನಾನು ಹಲ್ಲು ಕಚ್ಚಿಕೊಂಡು ಗಂಟು ಕಟ್ಟಿದೆ. ನಮ್ಮ ಜೊತೆ ಕರೆದೊಯ್ಯೋಣವೆಂದರೆ ಅವಳ ಗಂಡನ ಮನೆಯವರು ಯಾರೋ, ಎಲ್ಲಿಯವರೋ. ಪರರ ಮನೆಯ ಬಾಣಂತಿಯನ್ನು ಕರೆದುಕೊಂಡು ಹೋಗಲು ನಾವು ಯಾರು? ಮಾಮಾ ಸ್ಟೇಷನ್ನಿನ ಕಡೆ ಹೋಗಿ ಗಾಡಿಯ ವಿಚಾರ ಕೇಳಿಕೊಂಡು ಬರುತ್ತೇನೆಂದು ಹೊರಟ.

ಚಂದಮ್ಮ ಎದ್ದು ಕೂತಿದ್ದಳು. ಮುಖ ತೊಳೆದು ಹಣೆಗೆ ವಿಭೂತಿ ಇಟ್ಟುಕೊಂಡಿದ್ದಳು. ಕೂಸಿಗೆ ಮೊಲೆ ಕೊಡುತ್ತ, ತಲೆ ಎತ್ತದೆ ನನ್ನನ್ನು ಕೇಳಿದಳು.

"ಅಕ್ಕಾ, ನಿಮ್ಮ ಗಾಡಿ ಯಾವಾಗ ಬರ್ತದ್ರಿ?"

"ಸಂಜಿಕ ಅಂತಾರ. ಈ ಲಡಾಯಿ ಗಾಡಿ ಯಾರಿಗಿ ಗೊತ್ತವ್ವ, ದಿನಾ ತಡಾನೇ ಅಂತ."

"ಇವತ್ತೂ ಭಾಳ ತಡಾ ಆಗ್ಲಿ" ಎಂದಳು.

ನಾನು ಅವಳ ಮಗ್ಗುಲಿಗೆ ಕೂತೆ. ಜೀವಮಾನದಲ್ಲಿ ಅದೊಂದೇ ಸಲ ನಾನೂ ರೈಲು ತಡವಾಗಲೆಂದು ಲಿಂಗ ಹಿಡಿದು ಬೇಡಿಕೊಂಡೆ. ಅಷ್ಟರಲ್ಲಿ ಮಾಮಾ ಏದುಸಿರು ಬಿಡುತ್ತ ಬಾಗಿಲಿಗೆ ಬಂದು, "ಏಳ್ರಿ, ಏಳ್ರಿ, ಲಗೂನ ನಡೀರಿ, ಗಾಡಿ ಹೊತ್ತಿಗಿ ಸರಿಯಾಗಿ ಬಂದದ" ಎಂದು ಸಂತೋಷದಿಂದ ಕೂಗಿದ.